ಮದ್ದೂರು ಗೇಟಿನ ಈಚೆ, ಆಚೆ: ಒಂದು ಮಡಚು ಚಾಕುವಿನ ಕಥೆ

ಮದ್ದೂರು ಎಂದ ಕೂಡಲೇ ಕನ್ನಡಿಗರ ಮೂಗಿಗೆ ಮೊದಲು ಬಡಿಯುವುದು ಈರುಳ್ಳಿ ಹಾಕಿ ಕರಿದ ವಡೆಯ ವಾಸನೆ. ಆ ಮದ್ದೂರು ಮಂಡ್ಯ ಜಿಲ್ಲೆಯದು, ಬೆಂಗಳೂರು–ಮೈಸೂರು ರೈಲಿನವರಿಗೆ ಸೇರಿದ್ದು. ಇಲ್ಲಿ ಹೇಳಹೊರಟಿರುವ ಮದ್ದೂರು ಬೇರೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ, ಹೊಲ ಮುಗಿದು ಕಾಡು ಶುರುವಾಗುವ ಕಡೆ ಇರುವ ಊರು. ಇಲ್ಲಿ ಹೆಸರುವಾಸಿಯಾದ ತಿಂಡಿಯಿಲ್ಲ. ಇರುವುದು ಒಂದು ಗೇಟು.

ಮೈಸೂರಿನಿಂದ ಗುಂಡ್ಲುಪೇಟೆಗೆ 60 ಕಿ.ಮೀ. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಮದ್ದೂರಿನ ಮೂಲಕ ವಯನಾಡಿಗೆ. ಈ ಎರಡನೆಯ ದಾರಿಯ ಇಕ್ಕೆಲದಲ್ಲಿ ಮಳೆಗಾಲದ ಆರಂಭಕ್ಕೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಕಣ್ಣು ಕೋರೈಸುವಂತೆ ಅರಳಿರುತ್ತವೆ. ಕೇರಳದಿಂದ ಬಂದವರು ಕಾರು ನಿಲ್ಲಿಸಿ ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಓಣಂ ಹಬ್ಬಕ್ಕೆ ಅವರ ಅಂಗಳದ ಪೂಕಳಂಗೂ ಇಲ್ಲಿನ ಚೆಂಡುಹೂವೇ ಹೋಗುತ್ತದೆ. ಹೂವಿನ ಪಕ್ಕದಲ್ಲಿ ಬಾಳೆ, ಅರಿಸಿನ, ರಾಗಿ, ಜೋಳ. ಆಮೇಲೆ ಆನೆ ಕಂದಕ, ಸೋಲಾರ್ ತಂತಿ. ಆಮೇಲೆ ಗೇಟು. ಗೇಟಿನ ಆಚೆ ಕರ್ನಾಟಕ, ಕೇರಳ ಎರಡೂ ಸೇರಿ ಸುಮಾರು 25 ಕಿ.ಮೀ. ಕಾಡು.

2009ರಿಂದ ಈ ಗೇಟಿಗೆ ಹೊಸ ಮಹತ್ವ ಬಂತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ತುರ್ತು ವಾಹನಗಳು ಮತ್ತು ಬೆರಳೆಣಿಕೆಯ ಬಸ್ಸುಗಳನ್ನು ಬಿಟ್ಟು ಉಳಿದ ಯಾವ ವಾಹನವೂ ಕಾಡಿನೊಳಗೆ ಹೋಗುವಂತಿಲ್ಲ ಎಂದು ಜಿಲ್ಲಾಡಳಿತ ಆದೇಶಿಸಿತು. ಕತ್ತಲಲ್ಲಿ ಲಾರಿ ಚಕ್ರಕ್ಕೆ ಸಿಕ್ಕಿ ಸಾಯುವ ಜಿಂಕೆ, ಆನೆ, ಚಿರತೆಗಳನ್ನು ಉಳಿಸುವುದು ಉದ್ದೇಶ. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ತಡವಾಗಿ ಬಂದ ಲಾರಿಗಳು ಇಲ್ಲಿ ಸಾಲುಗಟ್ಟಿ ರಾತ್ರಿ ಕಳೆಯುತ್ತವೆ.

ಆದರೆ ಇಲ್ಲಿಯ ವಿಷಯ ಲಾರಿಯಲ್ಲ. ಜೇಬಿನಲ್ಲಿ ಹಿಡಿಸುವ ಒಂದು ಸಣ್ಣ ಚಾಕು. ಗೇಟಿನ ಈಚೆಗೆ ಅದರ ಅರ್ಥ ಒಂದು, ಆಚೆಗೆ ಇನ್ನೊಂದು. ಇದೇ ಎರಡು ಅರ್ಥಗಳ ನಡುವೆ ಸಿಕ್ಕಿಬಿದ್ದು ದೂರದ ಜಪಾನಿನಲ್ಲಿ ಒಂದು ಚಾಕು ಹೆಚ್ಚುಕಡಿಮೆ ಸತ್ತೇಹೋಗಿತ್ತು. ಮೊದಲು ಈಚೆಯ ಮಾತು.

ಹೊಲದ ಕಡೆಯ ಅಲಗುಗಳು

ಗುಂಡ್ಲುಪೇಟೆ ಸೀಮೆಯ ಒಂದು ರೈತನ ಮನೆಯಲ್ಲಿ ಹರಿತವಾದ ವಸ್ತುಗಳನ್ನು ಎಣಿಸಿದರೆ ಹತ್ತಾದರೂ ಸಿಗುತ್ತವೆ. ರಾಗಿ ಕೊಯ್ಯಲು ಕುಡುಗೋಲು, ಬಾಳೆ ಕಡಿಯಲು ಮಚ್ಚು, ಸೌದೆಗೆ ಕೊಡಲಿ, ಅಡಿಕೆ ಚೂರು ಮಾಡಲು ಅಡಕತ್ತರಿ. ಅಡಿಗೆಮನೆಯಲ್ಲಿ ಈಳಿಗೆಮಣೆ. ಈ ಈಳಿಗೆಮಣೆ ಒಂದು ಸೋಜಿಗದ ಸಾಧನ. ಜಗತ್ತಿನ ಬಹುಪಾಲು ಕಡೆ ತರಕಾರಿ ಸುಮ್ಮನಿರುತ್ತದೆ, ಚಾಕು ಓಡಾಡುತ್ತದೆ. ನಮ್ಮಲ್ಲಿ ಅಲಗು ಮಣೆಗೆ ಅಂಟಿಕೊಂಡು ನಿಂತಿರುತ್ತದೆ, ಬದನೆಕಾಯಿಯೇ ಅದರ ಬಳಿಗೆ ಹೋಗುತ್ತದೆ. ಎರಡೂ ಕೈ ಖಾಲಿ. ಎಷ್ಟೋ ಈಳಿಗೆಮಣೆಗಳ ಅಲಗಿಗೆ ಬುಡದಲ್ಲಿ ಒಂದು ಕೀಲು ಇರುತ್ತದೆ. ಕೆಲಸ ಮುಗಿದ ಮೇಲೆ ಅಲಗನ್ನು ಮಣೆಯ ಮೇಲೆ ಮಲಗಿಸಿ ಗೋಡೆಗೆ ಒರಗಿಸಿದರೆ ಮಕ್ಕಳ ಕಾಲಿಗೆ ತಾಗದು. ಎಂದರೆ ಮಡಚುವ ಅಲಗು ನಮಗೆ ಹೊಸದಲ್ಲ. ಅದು ಇದ್ದದ್ದು ಜೇಬಿನಲ್ಲಲ್ಲ, ಒಲೆಯ ಪಕ್ಕದಲ್ಲಿ.

ಜೇಬೇ ಇಲ್ಲದ ಕಾಲದಲ್ಲಿ ಜೇಬಿನ ಚಾಕು ಎಲ್ಲಿಂದ ಬರಬೇಕು? ಪಂಚೆ ಉಟ್ಟವರಿಗೆ ಇದ್ದದ್ದು ಉಡಿದಾರ, ಸೊಂಟದ ಮಡಿಕೆ, ಎಲೆಯಡಿಕೆ ಸಂಚಿ. ಅಂಗಿಗೆ ಜೇಬು ಬಂದ ಮೇಲೆ ಸಂತೆಯಲ್ಲಿ ಮಾರುವ ಮಡಚು ಚಾಕುವೂ ಬಂತು. ಕಬ್ಬು ಸುಲಿಯಲು, ಹಗ್ಗ ಕತ್ತರಿಸಲು, ಮಾವಿನಕಾಯಿಗೆ ಉಪ್ಪುಖಾರ ಹಚ್ಚುವ ಮುನ್ನ ಸೀಳಲು. ಮಕ್ಕಳಿಗೆ ಅದರ ಮುಖ್ಯ ಉಪಯೋಗ ಚಿನ್ನಿದಾಂಡು. ಚಿನ್ನಿಯ ಎರಡೂ ತುದಿಯನ್ನು ಒಂದೇ ಸಮ ಹೆರೆದರೆ ಮಾತ್ರ ಅದು ನೆಟ್ಟಗೆ ಮೇಲೆ ಹಾರುತ್ತದೆ. ಒಂದು ತುದಿ ದಪ್ಪವಾದರೆ ವಾಲಿಕೊಂಡು ಪಕ್ಕದವನ ಹಣೆಗೆ ಬಡಿಯುತ್ತದೆ. ತೂಕದ ಈ ಪಾಠವನ್ನು ಯಾವ ಮೇಷ್ಟರೂ ಹೇಳಿಕೊಡಬೇಕಾಗಿರಲಿಲ್ಲ.

ಚಾಕುವಿಗೆ ಮರ್ಯಾದೆಯೂ ಇತ್ತು. ಹಳೆ ಮೈಸೂರು ಸೀಮೆಯ ಎಷ್ಟೋ ಮದುವೆಗಳಲ್ಲಿ ಮದುಮಗನ ಕೈಯಲ್ಲಿ ನಿಂಬೆಹಣ್ಣು ಸಿಕ್ಕಿಸಿದ ಒಂದು ಚಾಕು ಇರುತ್ತದೆ. ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣದ ಒಂದು ತುಂಡು ಇಡುವುದುಂಟು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ, ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು ಎಂದು ಅಜ್ಜಿಯರು ಗದರುತ್ತಿದ್ದರು. ಮೂಢನಂಬಿಕೆ ಎಂದು ನಗಬಹುದು. ಆದರೆ ಹರಿತದ ವಸ್ತು ಕೈ ಬದಲಾಗುವಾಗಲೇ ಗಾಯ ಹೆಚ್ಚು ಎಂಬುದನ್ನು ಅಜ್ಜಿ ಬಲ್ಲಳು. ಆಯುಧಪೂಜೆಯ ದಿನವಂತೂ ಕುಡುಗೋಲು, ಮಚ್ಚು, ಚಾಕು ಎಲ್ಲಕ್ಕೂ ಅರಿಸಿನ ಕುಂಕುಮ. ಆ ಹಬ್ಬದ ಹೆಸರಿನಲ್ಲೇ ಒಂದು ತಮಾಷೆಯಿದೆ. ಪೂಜೆ ಆಯುಧಕ್ಕೆ ಎನ್ನುತ್ತೇವೆ, ಮುಂದೆ ಇಟ್ಟಿರುವುದೆಲ್ಲ ಉಪಕರಣ. ನೇಗಿಲು, ಹೊಲಿಗೆ ಯಂತ್ರ, ಟ್ರ್ಯಾಕ್ಟರು, ಬಸ್ಸು! ಕನ್ನಡದ ರೈತ ಈ ಎರಡರ ನಡುವೆ ಗೆರೆ ಎಳೆಯುವ ಗೋಜಿಗೇ ಹೋಗಿಲ್ಲ.

ಗೆರೆ ಎಳೆಯುವುದು ಕಾನೂನಿನ ಕೆಲಸ. ಆ ಗೆರೆ ನೆಲದ ಮೇಲೆ ಕಾಣಬೇಕೆಂದರೆ ಮದ್ದೂರಿಗೇ ಬರಬೇಕು.

ಕಾಡಿನ ಕಡೆಯ ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಆಯುಧ’ ಎಂದರೇನು ಎಂಬುದಕ್ಕೆ ಒಂದು ವಿವರಣೆಯಿದೆ. ಮದ್ದುಗುಂಡು, ಬಿಲ್ಲುಬಾಣ, ಸ್ಫೋಟಕ, ಬಂದೂಕು, ಕೊಕ್ಕೆ, ಬಲೆ, ವಿಷ, ಉರುಳು, ಬೋನು ಇವುಗಳ ಸಾಲಿನಲ್ಲೇ ಚಾಕುವೂ ಕೂತಿದೆ. ಎಷ್ಟು ಉದ್ದದ ಚಾಕು ಎಂಬ ಮಾತಿಲ್ಲ. ಅಭಯಾರಣ್ಯಕ್ಕೆ, ರಾಷ್ಟ್ರೀಯ ಉದ್ಯಾನಕ್ಕೆ ಆಯುಧದೊಡನೆ ಕಾಲಿಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು ಎನ್ನುತ್ತದೆ ಕಾಯಿದೆ. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿದ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಮದ್ದೂರು ಅದರ ಒಂದು ವಲಯ. ಹಾಗಾಗಿ ಗೇಟಿನ ಈಚೆ ಕಬ್ಬು ಸುಲಿಯುವ ಸಾಧನವಾಗಿದ್ದದ್ದು ಮರಗಳ ನೆರಳಿಗೆ ಹೊಕ್ಕ ಕೂಡಲೇ ಆಯುಧ.

ಇದರಲ್ಲಿ ಅರ್ಥವಿಲ್ಲದೆ ಇಲ್ಲ. ಕಾಡಿನೊಳಗೆ ಉರುಳು ಹಾಕುವವನಿಗೂ, ಬಿದ್ದ ಪ್ರಾಣಿಯ ಚರ್ಮ ಸುಲಿಯುವವನಿಗೂ ಬೇಕಾದದ್ದು ಚಾಕುವೇ. ಕಾವಲುಗಾರನಿಗೆ ಎದುರಾದವನ ಮನಸ್ಸು ಕಾಣುವುದಿಲ್ಲ, ಕೈ ಕಾಣುತ್ತದೆ.

ಆದರೆ ಕಾಡಂಚಿನ ಹಾಡಿಗಳ ಸೋಲಿಗರು, ಜೇನು ಕುರುಬರು, ಕಾಡು ಕುರುಬರು ಹುಟ್ಟಿನಿಂದ ಅಲಗು ಹಿಡಿದವರು. ಗೆಣಸು ತೆಗೆಯಲು, ಬಿದಿರು ಸೀಳಲು, ಜೇನುತಟ್ಟಿ ಕೊಯ್ಯಲು ಅದಿಲ್ಲದೆ ನಡೆಯದು. ಹುಲಿಗಾಗಿ ಕಾಡನ್ನು ಕಾದಿಟ್ಟಾಗ ಎಷ್ಟೋ ಹಾಡಿಗಳು ಒಳಗಿನಿಂದ ಅಂಚಿಗೆ ಬಂದವು. ಜೇನು ಮೊದಲಾದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅವರಿಗೆ ಹಕ್ಕಿದೆ ಎಂದು ಇನ್ನೊಂದು ಕಾಯಿದೆ ಹೇಳಿದ್ದು 2006ರಲ್ಲಿ. ಒಂದು ಕಾನೂನು ಜೇನು ಕೊಯ್ಯಿ ಎನ್ನುತ್ತದೆ, ಇನ್ನೊಂದು ಕೈಯಲ್ಲೇನಿದೆ ಎಂದು ಕೇಳುತ್ತದೆ. ಅದೇ ಕಾಡಿನಲ್ಲಿ ಇಲಾಖೆಯ ದಿನಗೂಲಿಗಳು ಬೇಸಿಗೆಗೆ ಮುನ್ನ ಬೆಂಕಿ ರೇಖೆ ಬಿಡಿಸಲು ಮಚ್ಚಿನಿಂದ ಲಂಟಾನ ಕಡಿಯುತ್ತಾರೆ. ಅವರಲ್ಲಿ ಹಾಡಿಯವರೇ ಎಷ್ಟೋ ಮಂದಿ. ಅಲಗು ಅದೇ, ಕೈಯೂ ಅದೇ, ಬದಲಾಗಿರುವುದು ಹೇಳಿದವರು ಯಾರು ಎಂಬುದು.

ನಾಡಿನ ಕಾನೂನು ಇಷ್ಟು ಬಿಗಿಯಲ್ಲ. 1959ರ ಆಯುಧ ಕಾಯಿದೆಯ ನಿಯಮಗಳು ಕತ್ತಿ, ಬಾಕುಗಳ ಪಟ್ಟಿಗೆ ಸೇರಿಸುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು. ಅದರಲ್ಲೂ ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಹೊರಗಿಟ್ಟಿವೆ. ಪಕ್ಕದ ಕೊಡಗಿನಲ್ಲಿ ಕೊಡವರು ನಡುಕಟ್ಟಿನ ರೇಷ್ಮೆ ಚೇಲೆಯಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡು ಮದುವೆಗೆ ಹೋಗುತ್ತಾರೆ. ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿ ಅದು ಉಡುಗೆ.

ಉಪಕರಣವೋ, ಆಯುಧವೋ, ಉಡುಗೆಯೋ? ಈ ಪ್ರಶ್ನೆಯನ್ನು ಒಂದು ದೇಶ ಒಂದೇ ಒಂದು ಚಾಕುವಿನ ಮೇಲೆ ಹೊರಿಸಿ ಅರುವತ್ತು ವರ್ಷ ತಡವರಿಸಿದೆ. ಆ ಚಾಕುವಿನ ಹೆಸರು ಹಿಗೊನೊಕಾಮಿ. ಊರು ಮಿಕಿ.

ಹಸಿದು ಸೋತ ಊರು

ಜಪಾನಿನ ಕೋಬೆ ಬಂದರಿನ ಹಿಂದಿನ ಗುಡ್ಡಗಳನ್ನು ದಾಟಿದರೆ ಹ್ಯೋಗೊ ಪ್ರಾಂತ್ಯದ ಮಿಕಿ ಸಿಗುತ್ತದೆ. ಗರಗಸ, ಉಳಿ, ಉಜ್ಜುಗೊರಡು, ಗಾರೆ ಕರಣೆ... ಬಡಗಿಗೂ ಗಾರೆಯವನಿಗೂ ಬೇಕಾದ ಎಲ್ಲವನ್ನೂ ಮಾಡುವ ಊರು. ಈ ಕಸುಬಿನ ಬೇರು ಒಂದು ಯುದ್ಧದಲ್ಲಿದೆ. 1578ರಲ್ಲಿ ಹಿದೆಯೊಶಿ ಎಂಬ ಸೇನಾಪತಿ ಮಿಕಿಯ ಕೋಟೆಗೆ ಮುತ್ತಿಗೆ ಹಾಕಿದ. ಗೋಡೆ ಒಡೆಯಲಿಲ್ಲ, ಊಟ ತಡೆದ. 1580ರಲ್ಲಿ ಹಸಿವಿನಿಂದ ಬಸವಳಿದ ಕೋಟೆ ಶರಣಾಯಿತು. ಸುಟ್ಟ ಊರನ್ನು ಮತ್ತೆ ಕಟ್ಟಲು ಬಡಗಿಗಳು ಬಂದರು, ಬಡಗಿಗಳ ಉಳಿ ಮಸೆಯಲು ಕಮ್ಮಾರರು ಬಂದರು. ಊರು ಎದ್ದು ನಿಂತ ಮೇಲೂ ಕಮ್ಮಾರರು ಉಳಿದುಕೊಂಡರು.

ಮುಂದೆ 1876ರಲ್ಲಿ ಹೊಸ ಮೇಜಿ ಸರಕಾರ ಸಮುರಾಯಿಗಳು ಖಡ್ಗ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಖಡ್ಗಕ್ಕೆ ಗಿರಾಕಿಯಿಲ್ಲ. ದೇಶದ ತುಂಬ ಎಷ್ಟೋ ಕಮ್ಮಾರರು ಕುಡುಗೋಲು, ಚಾಕು, ಉಳಿಗಳತ್ತ ತಿರುಗಿದರು. ಮಿಕಿಯಲ್ಲಿ ಮಡಚು ಚಾಕು ಹುಟ್ಟಿದ್ದು 1890ರ ದಶಕದ ನಡುವಿನಲ್ಲಿ. ಊರಿನ ಒಬ್ಬ ಸಗಟು ವ್ಯಾಪಾರಿ ತೆಂಕಣ ದ್ವೀಪ ಕ್ಯುಶುವಿನಿಂದ ತಂದ ಒಂದು ಚಾಕುವಿನ ಮಾದರಿ ಇಟ್ಟುಕೊಂಡು ಇದನ್ನು ಮಾಡಿಸಿದನಂತೆ. ಮಾರಾಟವಾದದ್ದೂ ಹೆಚ್ಚಾಗಿ ಅಲ್ಲಿಯೇ. ಅಲ್ಲಿನ ಹಳೆಯ ಹಿಗೊ ಸೀಮೆ ಈಗಿನ ಕುಮಾಮೊಟೊ. ‘ಹಿಗೊ–ನೊ–ಕಾಮಿ’ ಎಂದರೆ ಹಿಗೊ ಸೀಮೆಯ ಒಡೆಯ. ನಮ್ಮಲ್ಲಿ ಒಂದು ಬೀಡಿಗೋ ಬೆಂಕಿಪೊಟ್ಟಣಕ್ಕೋ ‘ಮಹಾರಾಜ’ ಎಂದು ಹೆಸರಿಟ್ಟಂತೆ! 1910ರಲ್ಲಿ ಅದು ನೋಂದಾಯಿತ ಗುರುತಾಯಿತು.

ಅಂದಹಾಗೆ, ಅದೇ ದಶಕದಲ್ಲೇ ಫ್ರಾನ್ಸಿನ ಸವಾಯ್ ಬೆಟ್ಟಗಳಲ್ಲಿ ಒಪಿನೆಲ್ ಎಂಬ ಮರದ ಹಿಡಿಯ ಚಾಕು, ಸ್ವಿಟ್ಜರ್ಲೆಂಡಿನಲ್ಲಿ ಸೈನಿಕರ ಬಹು ಅಲಗಿನ ಚಾಕು ಹುಟ್ಟಿದವು. ಕಾರ್ಖಾನೆಯ ಉಕ್ಕು ಅಗ್ಗವಾಗಿತ್ತು, ಸಾಮಾನ್ಯನ ಅಂಗಿಗೆ ಜೇಬು ಬಂದಿತ್ತು.

ಹಿಗೊನೊಕಾಮಿಯ ರಚನೆ ನೋಡಿದರೆ ಇಷ್ಟೇನಾ ಎನ್ನಿಸುತ್ತದೆ. ಒಂದು ಹಿತ್ತಾಳೆ ಅಥವಾ ಕಬ್ಬಿಣದ ತಗಡನ್ನು ಮಡಚಿ ಹಿಡಿ ಮಾಡಿದ್ದಾರೆ. ಒಂದು ಅಲಗು. ಎರಡನ್ನೂ ಹಿಡಿದಿರುವ ಒಂದು ಮೊಳೆ. ಮುಗಿಯಿತು. ಸ್ಪ್ರಿಂಗ್ ಇಲ್ಲ, ಬೀಗ ಇಲ್ಲ. ಅಲಗಿನ ಬುಡ ಬಾಲದಂತೆ ಹೊರಚಾಚಿರುತ್ತದೆ. ಹೆಬ್ಬೆರಳಿನಿಂದ ಬಾಲ ಒತ್ತಿದರೆ ಅಲಗು ತೆರೆಯುತ್ತದೆ. ಕೆಲಸ ಮಾಡುವಷ್ಟು ಹೊತ್ತೂ ಹೆಬ್ಬೆರಳು ಆ ಬಾಲದ ಮೇಲೇ ಇರಬೇಕು. ಬೆರಳು ಮರೆತರೆ ಅಲಗು ಮಡಚಿಕೊಂಡು ಉಳಿದ ಬೆರಳುಗಳಿಗೆ ಪಾಠ ಹೇಳುತ್ತದೆ. ಎಂದರೆ ಈ ಚಾಕುವಿನ ಬೀಗ ಚಾಕುವಿನಲ್ಲಿಲ್ಲ, ಹಿಡಿದವನ ಗಮನದಲ್ಲಿದೆ.

ಅಲಗಿನ ಒಳಗಿನ ಕಥೆ ಗುಂಡ್ಲುಪೇಟೆಯ ಕುಲುಮೆಗೂ ಅಪರಿಚಿತವಲ್ಲ. ಒಳ್ಳೆಯ ಹಿಗೊನೊಕಾಮಿಯಲ್ಲಿ ನಡುವೆ ಗಟ್ಟಿ ಉಕ್ಕು, ಎರಡು ಪಕ್ಕಕ್ಕೂ ಮೆದು ಕಬ್ಬಿಣ. ಬರೀ ಗಟ್ಟಿ ಉಕ್ಕಾದರೆ ಹರಿತವೇನೋ ನಿಲ್ಲುತ್ತದೆ, ಆದರೆ ಗಾಜಿನಂತೆ ಮುರಿಯುತ್ತದೆ. ಬರೀ ಮೆದುವಾದರೆ ಮುರಿಯದು, ಹರಿತ ನಿಲ್ಲದು. ಕೆಂಪಗೆ ಕಾಯಿಸಿ ತಣ್ಣಗೆ ಅದ್ದಿದಾಗ ಉಕ್ಕು ಬಿರುಸಾಗುತ್ತದೆ. ಮತ್ತೆ ಹದವಾಗಿ ಬಿಸಿ ಮಾಡಿದರೆ ಬಿರುಸು ತುಸು ಇಳಿದು ಗಟ್ಟಿತನ ಉಳಿಯುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಉಜ್ಜಿದ ಉಕ್ಕಿನ ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300ರ ಹತ್ತಿರ ನೀಲಿಯಾಗುತ್ತದೆ. ಥರ್ಮಾಮೀಟರ್ ಕಾಣದ ಕಮ್ಮಾರ ಆ ಬಣ್ಣವನ್ನೇ ಓದುತ್ತಾನೆ. ಕನ್ನಡದಲ್ಲಿ ಇದಕ್ಕೆ ‘ಹದ’ ಎಂಬ ಮಾತಿದೆ. ಪಾಕಕ್ಕೂ ಮಣ್ಣಿಗೂ ಉಕ್ಕಿಗೂ ಒಂದೇ ಮಾತು. ದಕ್ಷಿಣ ಭಾರತದ ಹೆಸರಾಂತ ಮೂಸೆಯ ಉಕ್ಕಿಗೆ ಯುರೋಪಿನವರು ಇಟ್ಟ ‘ವೂಟ್ಜ್’ ಎಂಬ ಹೆಸರು ‘ಉಕ್ಕು’ ಎಂಬ ನಮ್ಮ ಮಾತಿನಿಂದಲೇ ಹೋದದ್ದು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ.

ಪೆನ್ಸಿಲ್ ಪೆಟ್ಟಿಗೆಯಿಂದ ಹೊರಬಿದ್ದದ್ದು

ಎರಡನೇ ಮಹಾಯುದ್ಧ ಮುಗಿದ ಮೇಲಿನ ಜಪಾನಿನಲ್ಲಿ ಹಿಗೊನೊಕಾಮಿ ಇಲ್ಲದ ಹುಡುಗನೇ ವಿರಳ. ಅಗ್ಗದ ಬೆಲೆ, ಮೂಲೆಯಂಗಡಿಯಲ್ಲೂ ಸಿಗುತ್ತಿತ್ತು. ಶಾಲೆಯಲ್ಲಿ ಅದರಿಂದ ಪೆನ್ಸಿಲ್ ಹೆರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಬಿದಿರು ಸೀಳಿ, ಅಂಗೈ ನಡುವೆ ತಿರುಗಿಸಿ ಮೇಲಕ್ಕೆ ಬಿಡುವ ಗಿರಿಗಿಟ್ಟಲೆ ಮಾಡುತ್ತಿದ್ದರು, ಗಾಳಕ್ಕೆ ಕೋಲು ಕಡಿಯುತ್ತಿದ್ದರು. ಮಿಕಿಯಲ್ಲಿ ಹತ್ತಾರು ಮನೆಗಳು ಇದನ್ನೇ ಮಾಡಿ ಬದುಕಿದವು.

1960ರ ಅಕ್ಟೋಬರ್ 12. ಟೋಕಿಯೊದ ಹಿಬಿಯಾ ಸಭಾಂಗಣದಲ್ಲಿ ಚುನಾವಣಾ ಭಾಷಣ ಮಾಡುತ್ತಿದ್ದ ಸಮಾಜವಾದಿ ಪಕ್ಷದ ಅಧ್ಯಕ್ಷ ಇನೆಜಿರೊ ಅಸಾನುಮಾ ಅವರನ್ನು ಹದಿನೇಳು ವರ್ಷದ ಹುಡುಗನೊಬ್ಬ ವೇದಿಕೆ ಹತ್ತಿ ಇರಿದು ಕೊಂದ. ಟೆಲಿವಿಷನ್ನಿನಲ್ಲಿ ದೇಶವೇ ಅದನ್ನು ಕಂಡಿತು. ಹುಡುಗನ ಕೈಯಲ್ಲಿದ್ದದ್ದು ಒಂದು ಕಿರುಖಡ್ಗ. ಹಿಗೊನೊಕಾಮಿ ಅಲ್ಲ. ಆದರೆ ತಾಯಂದಿರ ಎದೆಯಲ್ಲಿ ಎದ್ದ ಭಯ ಖಡ್ಗ ಯಾವುದು, ಚಾಕು ಯಾವುದು ಎಂದು ವಿಚಾರಿಸಲಿಲ್ಲ. ‘ಮಕ್ಕಳ ಕೈಗೆ ಅಲಗು ಕೊಡಬೇಡಿ’ ಎಂಬ ಚಳವಳಿ ಊರಿಂದೂರಿಗೆ ಹಬ್ಬಿತು. ಪೆನ್ಸಿಲ್ ಪೆಟ್ಟಿಗೆಗಳಿಂದ ಚಾಕುಗಳು ಹೊರಬಿದ್ದವು. ತಿರುಗಿಸುವ ಮೆಂಡರ್ ಬಂತು, ಆಮೇಲೆ ವಿದ್ಯುತ್ ಮೆಂಡರ್. ಅಷ್ಟರಲ್ಲಾಗಲೇ 1956ರಲ್ಲಿ ಓಸಾಕಾದ ಯೊಶಿಯೊ ಒಕಾದಾ ಎಂಬಾತ ಹೊಸ ಬಗೆಯ ಕಟ್ಟರ್ ಮಾಡಿದ್ದರು. ತುದಿ ಮೊಂಡಾದರೆ ಚಾಕೊಲೇಟ್ ಬಿಲ್ಲೆಯಂತೆ ಲಟಕ್ಕೆಂದು ಮುರಿದು ಹೊಸ ತುದಿ ತೆಗೆಯಬಹುದು. ಇಂದು ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ತೂಗುವ ಪ್ಲಾಸ್ಟಿಕ್ ಹಿಡಿಯ ಕಟ್ಟರ್‌ಗಳೆಲ್ಲ ಅದರದೇ ಸಂತತಿ. ಮಸೆಯುವ ಅಗತ್ಯವೇ ಇಲ್ಲ. ಮಸೆಯಲು ಬಾರದವರಿಗೂ ಹರಿತದ ಅಲಗು!

ಮಿಕಿಯ ಕುಲುಮೆಗಳು ಒಂದೊಂದಾಗಿ ಆರಿದವು. ಕಡೆಗೆ ಆ ಹೆಸರನ್ನು ಮುದ್ರೆಯೊತ್ತುವ ಹಕ್ಕು ಉಳಿದದ್ದು ನಾಗಾಓ ಮನೆತನದ ಒಂದೇ ಒಂದು ಕಾರ್ಖಾನೆಗೆ.

ಇದರ ಬೆನ್ನಿಗೇ ಇನ್ನೊಂದು ಗೊಣಗಾಟ ಆರಂಭವಾಯಿತು. ನಮ್ಮ ಮಕ್ಕಳಿಗೆ ಸೇಬು ಸುಲಿಯಲು ಬರುವುದಿಲ್ಲ, ಪೆನ್ಸಿಲ್ ಹೆರೆಯಲು ಬರುವುದಿಲ್ಲ ಎಂದು ಜಪಾನಿನ ಮೇಷ್ಟರುಗಳು ಹೇಳತೊಡಗಿದರು. ನಗಾನೊ ಪ್ರಾಂತ್ಯದ ಇಕೆದಾ ಎಂಬ ಊರಿನ ಐಸೊಮೆ ಪ್ರಾಥಮಿಕ ಶಾಲೆ ಗೊಣಗಿ ಸುಮ್ಮನಾಗಲಿಲ್ಲ. 1980ರ ದಶಕದಲ್ಲಿ ಅದು ಮಕ್ಕಳ ಕೈಗೆ ಹಿಗೊನೊಕಾಮಿಯನ್ನೇ ಕೊಟ್ಟಿತು. ಒಂದನೇ ತರಗತಿಗೆ ಸೇರಿದ ಮಗು ಅದನ್ನು ತೆರೆಯುವುದು, ಮಡಚುವುದು, ಅದರಿಂದ ಪೆನ್ಸಿಲ್ ಹೆರೆಯುವುದು ಕಲಿಯುತ್ತದೆ. ಆರು ವರ್ಷದ ಮಗು! ಓದುತ್ತಿರುವ ಎಷ್ಟು ತಾಯಂದಿರ ಕೈ ಎದೆಯ ಮೇಲೆ ಹೋಯಿತೋ.

ಆ ಭಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1998ರ ಜನವರಿಯಲ್ಲಿ ಜಪಾನಿನ ಕುರೊಇಸೊ ಎಂಬಲ್ಲಿ ಹದಿಮೂರು ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಶಿಕ್ಷಕಿಯನ್ನೇ ಬಟರ್‌ಫ್ಲೈ ಚಾಕುವಿನಿಂದ ಇರಿದು ಕೊಂದ. ದೇಶ ಮತ್ತೆ ನಡುಗಿತು. ಆ ಚಾಕುವಿನಿಂದ ಯಾರೂ ಪೆನ್ಸಿಲ್ ಹೆರೆಯುವುದಿಲ್ಲ. ಕೈಯಲ್ಲಿ ಚಕಚಕ ತಿರುಗಿಸಿ ಎದುರಿನವನನ್ನು ಬೆಚ್ಚಿಬೀಳಿಸುವುದೇ ಅದರ ಆಕರ್ಷಣೆ. ನಮ್ಮಲ್ಲೂ ಅಂಥದ್ದೊಂದಿದೆ. ಉತ್ತರ ಪ್ರದೇಶದ ರಾಂಪುರದ ಚಾಕು ಹಿಂದಿ ಸಿನಿಮಾದ ಖಳನ ಕೈಗೆ ಸಿಕ್ಕಿ ಕೆಟ್ಟ ಹೆಸರು ಹೊತ್ತಿತು. ಆ ಊರಿನಲ್ಲಿ 2023ರಲ್ಲಿ ವೃತ್ತದ ನಡುವೆ 20 ಅಡಿಯ ಚಾಕುವನ್ನೇ ನಿಲ್ಲಿಸಿದರು, ಕಸುಬಿನ ಮಾನ ಉಳಿಯಲಿ ಎಂದು. ಚಾಕುವಿನ ಗುಣ ಅಲಗಿನ ಉದ್ದದಲ್ಲಿ ಮಾತ್ರವಿಲ್ಲ, ಯಾವ ಚಿತ್ರದೊಡನೆ ಅದು ಹುಡುಗನ ತಲೆಗೆ ಹೊಗುತ್ತದೆ ಎಂಬುದರಲ್ಲೂ ಇದೆ.

ಜಪಾನಿನ ಕಾನೂನು ಈಗ ಬಿಗಿಯಾಗಿದೆ. ಸರಿಯಾದ ಕಾರಣವಿಲ್ಲದೆ 6 ಸೆಂ.ಮೀ.ಗಿಂತ ಉದ್ದದ ಅಲಗನ್ನು ಹೊತ್ತು ತಿರುಗುವಂತಿಲ್ಲ. ಬೀಗವಿಲ್ಲದ ಸಣ್ಣ ಮಡಚು ಚಾಕುವಿಗೆ 8 ಸೆಂ.ಮೀ.ವರೆಗೆ ತುಸು ಸಡಿಲ. ನೂರು ವರ್ಷದ ಹಿಂದೆ ಬೀಗವಿಲ್ಲದೆ ಹುಟ್ಟಿದ್ದು ಹಿಗೊನೊಕಾಮಿಗೆ ಈಗ ಹೀಗೆ ಒದಗಿಬಂತು.

ಮಸೆಯುವ ಕಲ್ಲು ಎಲ್ಲಿ?

ಮದ್ದೂರಿನ ಕಡೆಗೆ ಮರಳಿದರೆ, ಇಲ್ಲಿ ಯಾರೂ ಚಳವಳಿ ಹೂಡಿ ಮಕ್ಕಳ ಚಾಕು ಕಿತ್ತುಕೊಳ್ಳಲಿಲ್ಲ. ಅದು ತಾನಾಗಿ ಜಾರಿಹೋಯಿತು. ಒಂದು ಕಾಲಕ್ಕೆ ಶಾಲೆಯ ಮಕ್ಕಳು ಅಪ್ಪ ಗಡ್ಡ ಹೆರೆದು ಬಿಟ್ಟ ಬ್ಲೇಡನ್ನು ಅರ್ಧ ಮುರಿದು ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಪೆನ್ಸಿಲ್ ಜೀವುತ್ತಿದ್ದರು. ಹಿಡಿಯೇ ಇಲ್ಲದ, ಎರಡೂ ಕಡೆ ಕೊಯ್ಯುವ ಆ ಬ್ಲೇಡಿಗಿಂತ ಅಪಾಯದ ಸಾಧನ ಮಗುವಿನ ಕೈಗೆ ಇನ್ನೊಂದಿಲ್ಲ. ಅದಕ್ಕೆ ಹೋಲಿಸಿದರೆ ಹಿಗೊನೊಕಾಮಿ ಸಾಧು ಪ್ರಾಣಿ. ಮೆಂಡರ್ ಬಂದು ಬ್ಲೇಡನ್ನು ಓಡಿಸಿದ್ದು ಒಳ್ಳೆಯದೇ ಆಯಿತು. ಆದರೆ ಮೆಂಡರಿನಲ್ಲಿ ಕಲಿಯುವುದಕ್ಕೇನೂ ಇಲ್ಲ. ತಿರುಗಿಸಿದರಾಯಿತು. ಮುಳ್ಳು ಮುರಿದರೆ ಮತ್ತೆ ತಿರುಗಿಸಿದರಾಯಿತು.

ಚಾಕುವಿನಿಂದ ಪೆನ್ಸಿಲ್ ಹೆರೆಯುವ ಜಪಾನೀ ಕ್ರಮ ತಿಳಿಯಬೇಕಾದದ್ದು. ಬಲಗೈಯವರಾದರೆ ಚಾಕು ಬಲಗೈಯಲ್ಲಿ, ಪೆನ್ಸಿಲ್ ಎಡಗೈಯಲ್ಲಿ. ಬಲಗೈ ಚಾಕುವನ್ನು ಹಿಡಿದಿರುತ್ತದೆ, ಅಷ್ಟೆ. ಎಡಗೈಯ ಹೆಬ್ಬೆರಳು ಅಲಗಿನ ಬೆನ್ನಿಗೆ ಒತ್ತಿ ಅದನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತದೆ. ಅಲಗು ಚಲಿಸುವುದು ಒಂದೆರಡು ಸೆಂ.ಮೀ. ಮಾತ್ರ, ಅದೂ ಮೈಯಿಂದ ಆಚೆಗೆ. ಒಂದು ಎಳೆ ಹೆರೆದು ಪೆನ್ಸಿಲನ್ನು ತುಸು ತಿರುಗಿಸಬೇಕು, ಮತ್ತೊಂದು ಎಳೆ. ಮರ ಎಲ್ಲಿ ಮೆದು, ಎಲ್ಲಿ ಗಂಟು, ಮುಳ್ಳು ಎಷ್ಟು ಉದ್ದವಾದರೆ ಮುರಿಯುತ್ತದೆ ಎಂಬುದು ಹತ್ತು ಪೆನ್ಸಿಲಿಗೆ ಬೆರಳಿಗೇ ತಿಳಿಯುತ್ತದೆ. ಮನೆಯಲ್ಲಿ, ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದಾಗ ಮಾಡಿ ನೋಡುವಂಥದ್ದು. ಶಾಲೆಯ ಚೀಲದಲ್ಲಿ ಚಾಕು ಹಾಕಿ ಕಳಿಸುವ ಮಾತು ಇಲ್ಲಿ ಯಾರೂ ಆಡುತ್ತಿಲ್ಲ. ಐಸೊಮೆಯಲ್ಲಿ ಇಡೀ ಶಾಲೆ ಒಟ್ಟಿಗೆ ನಿಂತು ಕಲಿಸಿತು. ಹಾಗೆ ಒಪ್ಪಿ ನಿಲ್ಲದ ಕಡೆ ಒಂದು ಮಗುವಿನ ಚೀಲದ ಚಾಕು ಬರೀ ತೊಂದರೆ.

ಇಂಥ ಚಾಕುವಿಗೆ ಇನ್ನೊಂದು ಬಾಧೆಯಿದೆ. ಸ್ಟೀಲ್ ಪಾತ್ರೆಯ ಹಾಗೆ ಅದು ಸದಾ ಹೊಳೆಯುವುದಿಲ್ಲ. ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಮರುದಿನಕ್ಕೆ ಕಪ್ಪು, ವಾರಕ್ಕೆ ತುಕ್ಕು. ಒರೆಸಬೇಕು, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಬೇಕು, ಆಗಾಗ ಕಲ್ಲಿಗೆ ಹಿಡಿಯಬೇಕು. ಕುಡುಗೋಲು ಇಟ್ಟುಕೊಂಡ ಯಾವ ರೈತನಿಗೂ ಇದು ಹೊಸ ಸುದ್ದಿಯಲ್ಲ. ಹಿತ್ತಿಲ ಬಾಗಿಲ ಬಳಿ ನಡುವೆ ಸವೆದು ಬಳುಕಿದ ಒಂದು ಮಸೆಯುವ ಕಲ್ಲು ಇರುತ್ತಿತ್ತು. ಆ ಸವೆತದಲ್ಲಿ ಮೂರು ತಲೆಮಾರಿನ ಕೈ ಇರುತ್ತಿತ್ತು. ಹೊಸ ಮನೆ ಕಟ್ಟಿಸುವಾಗ ಅಂಥ ಕಲ್ಲುಗಳು ಪಾಯದ ಪಾಲಾದದ್ದೇ ಹೆಚ್ಚು.

ಹಳ್ಳಿಯ ಕುಲುಮೆಗಳೂ ಕಡಿಮೆಯಾಗಿವೆ. ಉಳಿದ ಕಡೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಮಚ್ಚು ಮಾಡುತ್ತಾರೆ. ಅದು ಒಳ್ಳೆಯ ಉಕ್ಕೇ. ಕೇರಳದ ದಾರಿಯಲ್ಲಿ ಲಕ್ಷಾಂತರ ಕಿ.ಮೀ. ಕುಲುಕಿ ಮುರಿದ ಪಟ್ಟಿಯೊಂದು ಬಾಳೆತೋಟದಲ್ಲಿ ಗೊನೆ ಕಡಿಯಲು ನಿಲ್ಲುತ್ತದೆ. ಮಚ್ಚಿಗೆ ಗಿರಾಕಿ ಇದೆ, ಸಣ್ಣ ಚಾಕುವಿಗಿಲ್ಲ. ಅದು ಹತ್ತಿಪ್ಪತ್ತು ರೂಪಾಯಿಗೆ ಪ್ಲಾಸ್ಟಿಕ್ ಹಿಡಿಯೊಡನೆ ಸಂತೆಗೆ ಬರುತ್ತದೆ, ಮೊಂಡಾದರೆ ತಿಪ್ಪೆಗೆ ಹೋಗುತ್ತದೆ.

ಹಾಗೆಂದು ಎಲ್ಲ ಕಡೆ ಕೈ ಮರೆತಿಲ್ಲ. ಇದೇ ಜಿಲ್ಲೆಯ ಮಲೆಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಸುಮಾರು ಎರಡು ದಶಕಗಳ ಹಿಂದೆ ಲಂಟಾನದಿಂದ ಕುರ್ಚಿ, ಬುಟ್ಟಿ, ಆಟಿಕೆ ಮಾಡಲು ಕಲಿತರು. ಏಟ್ರೀ ಎಂಬ ಸಂಶೋಧನಾ ಸಂಸ್ಥೆ ಒತ್ತಾಸೆಯಾಗಿ ನಿಂತಿತು. ಕಾಡನ್ನು ನುಂಗುತ್ತಿರುವ ಪರದೇಶದ ಕಳೆ ಅದು. ಅದರ ಕೋಲನ್ನು ಕುದಿಸಿ, ಬಿಸಿ ಆರುವ ಮುನ್ನ ಚಾಕುವಿನಿಂದ ಸಿಪ್ಪೆ ಹೆರೆದು, ಬಾಗಿಸಬೇಕು. ಹೆಚ್ಚು ಆಳಕ್ಕೆ ಹೋದರೆ ಕೋಲು ಸೀಳುತ್ತದೆ, ಮೇಲೆಮೇಲೆ ಹೆರೆದರೆ ಸಿಪ್ಪೆ ಉಳಿಯುತ್ತದೆ. ಯಂತ್ರಕ್ಕೆ ಒಗ್ಗದ ಕೆಲಸ. ಕಾಡಿನ ಕಾನೂನು ಯಾವುದನ್ನು ಆಯುಧವೆಂದಿತೋ ಅದೇ ಇಲ್ಲಿ ಕಾಡಿನ ಕಳೆ ತೆಗೆಯುವ ಉಪಾಯ.

ರಾತ್ರಿ ಒಂಬತ್ತಾಯಿತೆಂದರೆ ಮದ್ದೂರಿನ ಗೇಟು ಇಳಿಯುತ್ತದೆ. ತಡವಾಗಿ ಬಂದ ಲಾರಿಗಳ ಎಂಜಿನ್ ಒಂದೊಂದಾಗಿ ಆರುತ್ತದೆ. ಆಚೆ ಕತ್ತಲಲ್ಲಿ ಆನೆಗಳಿಗೆ ರಸ್ತೆ ಬಿಡುವಾಗುತ್ತದೆ. ಈಚೆ ಲಾರಿಯ ಪಕ್ಕದಲ್ಲಿ ಸ್ಟೌ ಹೊತ್ತುತ್ತದೆ, ಅನ್ನಕ್ಕೆ ನೀರು ಇಡುತ್ತಾರೆ. ಕ್ಲೀನರ್ ಹುಡುಗ ಸೀಟಿನ ಕೆಳಗಿನ ಡಬ್ಬಿಯಿಂದ ಚಾಕು ತೆಗೆದು, ಪಂಜಿಗೆ ಒರೆಸಿಕೊಂಡು, ಈರುಳ್ಳಿ ಹೆಚ್ಚಲು ಕೂರುತ್ತಾನೆ. ಬೆಳಿಗ್ಗೆ ಆರಕ್ಕೆ ಅದನ್ನು ಮಡಚಿ ಡಬ್ಬಿಗೆ ಹಾಕಿದರೆ, ಮತ್ತೆ ಹೊರಗೆ ಬರುವುದು ಬತ್ತೇರಿ ದಾಟಿದ ಮೇಲೆ.